ರೋಗಿಯ ಮನೆಬಾಗಿಲಿಗೆ ನಡೆದ ದಾದಿ: ಲಿಲಿಯನ್ ವಾಲ್ಡ್

ಪ್ರತಿವರ್ಷ ಮೇ 12ರಂದು ಅಂತಾರಾಷ್ಟ್ರೀಯ ದಾದಿಯರ ದಿನ ಬಂದಾಗ ನಾವು ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಸ್ಮರಿಸುತ್ತೇವೆ. ದಾದಿಯ ವೃತ್ತಿಗೆ ಶಿಕ್ಷಣದ ಚೌಕಟ್ಟನ್ನೂ ಸಮಾಜದಲ್ಲಿ ಮನ್ನಣೆಯನ್ನೂ ತಂದುಕೊಟ್ಟ ಆ ಮಹನೀಯರ ಸ್ಮರಣೆ ಯೋಗ್ಯವೇ ಸರಿ. ಆದರೆ ಆಸ್ಪತ್ರೆಯ ಮೆಟ್ಟಿಲನ್ನು ಹತ್ತಲಾಗದೆ, ನಗರದ ಯಾವುದೋ ಓಣಿಯ ಕತ್ತಲೆ ಕೋಣೆಯಲ್ಲಿ ನರಳುವ ರೋಗಿಯ ಪಾಡೇನು? ಅವನ ಬಳಿಗೆ ಹೋಗುವವರು ಯಾರು? ಹೋದವರು ಏನನ್ನು ಕಲಿತು ಹೋಗಬೇಕು? ಈ ಪ್ರಶ್ನೆಗಳಿಗೆ ತಮ್ಮ ಬದುಕಿನಿಂದಲೇ ಉತ್ತರ ಹುಡುಕಿದ ಇನ್ನೊಬ್ಬ ಮಹಿಳೆ ಅಮೆರಿಕದ ಲಿಲಿಯನ್ ವಾಲ್ಡ್. ಸಮುದಾಯ ಆರೋಗ್ಯ ಶುಶ್ರೂಷೆ ಎಂದು ಇಂದು ನರ್ಸಿಂಗ್ ವಿದ್ಯಾರ್ಥಿಗಳು ಓದುವ ವಿಷಯಕ್ಕೆ ರೂಪ ಕೊಟ್ಟವರಲ್ಲಿ ಅವರದು ಮೊದಲ ಸಾಲಿನ ಹೆಸರು.

ಲಿಲಿಯನ್ ವಾಲ್ಡ್ ಅವರು ಹುಟ್ಟಿದ್ದು 1867ರ ಮಾರ್ಚ್ 10ರಂದು, ಒಹಾಯೊ ರಾಜ್ಯದ ಸಿನ್ಸಿನ್ನಾಟಿ ನಗರದಲ್ಲಿ. ಯೂರೋಪಿನಿಂದ ಬಂದು ನೆಲೆಸಿದ ಯಹೂದಿ ಮನೆತನ ಅವರದು. ತಂದೆ ಕನ್ನಡಕ ಮುಂತಾದ ಸಾಮಗ್ರಿಗಳ ವ್ಯಾಪಾರಿ. ಮನೆಯಲ್ಲಿ ಅನುಕೂಲವಿತ್ತು, ಪುಸ್ತಕಗಳಿದ್ದವು, ಸಂಗೀತವಿತ್ತು. ಬಾಲ್ಯದಲ್ಲೇ ಕುಟುಂಬವು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ಪಟ್ಟಣಕ್ಕೆ ಬಂದು ನೆಲೆಸಿತು. ಹದಿನಾರರ ವಯಸ್ಸಿನಲ್ಲಿ ವಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ, ವಯಸ್ಸು ಸಾಲದೆಂಬ ಕಾರಣಕ್ಕೆ ಅವರಿಗೆ ಪ್ರವೇಶ ಸಿಗಲಿಲ್ಲ. ಅನಂತರ ಕೆಲವು ವರ್ಷ ಆ ಕಾಲದ ಅನುಕೂಲಸ್ಥರ ಹೆಣ್ಣುಮಕ್ಕಳಂತೆ ಅವರ ದಿನಗಳು ಸಾಗಿದವು. ಅಕ್ಕನ ಅನಾರೋಗ್ಯದ ಸಮಯದಲ್ಲಿ ಮನೆಗೆ ಬಂದ ತರಬೇತಿ ಪಡೆದ ದಾದಿಯೊಬ್ಬರ ಕೆಲಸವನ್ನು ಹತ್ತಿರದಿಂದ ಕಂಡಾಗ ಅವರ ಮನಸ್ಸು ಒಂದು ದಾರಿಯನ್ನು ಹಿಡಿಯಿತು. 1889ರಲ್ಲಿ ನ್ಯೂಯಾರ್ಕ್ ಹಾಸ್ಪಿಟಲ್‌ನ ದಾದಿಯರ ಶಾಲೆಯನ್ನು ಸೇರಿ 1891ರಲ್ಲಿ ಪದವಿ ಪಡೆದರು. ನಂತರ ಒಂದು ವರ್ಷ ಅನಾಥ ಹಾಗೂ ದಿಕ್ಕಿಲ್ಲದ ಮಕ್ಕಳನ್ನಿಡುವ ಸಂಸ್ಥೆಯಲ್ಲಿ ದುಡಿದರು. ಅಲ್ಲಿಯ ಕಟ್ಟುನಿಟ್ಟು ಅವರಿಗೆ ಒಗ್ಗಲಿಲ್ಲ. ವೈದ್ಯರಾಗುವ ಹಂಬಲದಿಂದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು.

ಇದೇ ಸಮಯದಲ್ಲಿ ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಭಾಗದಲ್ಲಿ ವಲಸೆ ಬಂದ ಮಹಿಳೆಯರಿಗೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಬಗೆಯನ್ನು ಕಲಿಸುವ ಒಂದು ತರಗತಿಯನ್ನು ಅವರು ವಹಿಸಿಕೊಂಡಿದ್ದರು. ರಷ್ಯಾ, ಪೋಲೆಂಡ್, ಇಟಲಿ, ಐರ್ಲೆಂಡ್ ಮೊದಲಾದ ದೇಶಗಳಿಂದ ಬಡತನ ಅಥವಾ ಹಿಂಸೆಯಿಂದ ಪಾರಾಗಿ ಬಂದ ಜನ ಅಲ್ಲಿ ಐದಾರು ಮಹಡಿಗಳ ವಠಾರಗಳಲ್ಲಿ ಕಿಕ್ಕಿರಿದು ತುಂಬಿದ್ದರು. ಗಾಳಿ ಬೆಳಕು ಕಾಣದ ಕೋಣೆಗಳು, ಹಲವು ಸಂಸಾರಗಳಿಗೆ ಒಂದೇ ನಲ್ಲಿ, ಮನೆಯೊಳಗೇ ನಡೆಯುವ ಹೊಲಿಗೆ ಕೆಲಸ. ಮುಂಬಯಿಯ ಗಿರಣಗಾಂವ್‌ನ ಹಳೆಯ ಚಾಳುಗಳನ್ನು ಕಂಡವರಿಗೆ ಈ ಚಿತ್ರ ಅಪರಿಚಿತವೆನಿಸದು.

1893ರ ಮಾರ್ಚ್ ತಿಂಗಳ ಒಂದು ಮಳೆಯ ದಿನ, ಪಾಠ ನಡೆಯುತ್ತಿದ್ದಲ್ಲಿಗೆ ಪುಟ್ಟ ಹುಡುಗಿಯೊಬ್ಬಳು ತಾಯಿಗೆ ಹುಷಾರಿಲ್ಲವೆಂದು ಹೇಳಿಕೊಂಡು ಬಂದಳು. ವಾಲ್ಡ್ ಅವರು ಆ ಮಗುವಿನ ಹಿಂದೆ ಕೆಸರು ತುಂಬಿದ ಬೀದಿಗಳನ್ನು ದಾಟಿ, ಕೊಳಕು ಮೆಟ್ಟಿಲುಗಳನ್ನು ಹತ್ತಿ ಹೋದರು. ಏಳು ಮಂದಿಯ ಸಂಸಾರ, ಎರಡೇ ಕೋಣೆ. ಬಾಡಿಗೆಗೆ ನೆರವಾಗಲೆಂದು ಅದರಲ್ಲೇ ಹೊರಗಿನವರಿಗೂ ಜಾಗ. ಎರಡು ದಿನಗಳ ಹಿಂದೆ ಹೆರಿಗೆಯಾದ ತಾಯಿ ರಕ್ತಸ್ರಾವದಿಂದ ಬಳಲಿ ಹಾಸಿಗೆಯಲ್ಲಿ ಬಿದ್ದಿದ್ದಳು. ಆಕೆಯನ್ನು ಶುಚಿಗೊಳಿಸಿ, ಹಾಸಿಗೆ ಬದಲಿಸಿ, ಕೋಣೆಯನ್ನು ಒಪ್ಪ ಮಾಡಿ ಹೊರಟಾಗ ಮನೆಯವರು ಅವರ ಕೈಗಳಿಗೆ ಮುತ್ತಿಟ್ಟರು. ಆ ಒಂದು ಗಂಟೆ ವಾಲ್ಡ್ ಅವರ ಜೀವನದ ದಿಕ್ಕನ್ನೇ ಬದಲಿಸಿತು. ಅವರು ವೈದ್ಯಕೀಯ ಕಾಲೇಜನ್ನು ಬಿಟ್ಟರು. ಇಂಥ ಮನೆಗಳು ಇವೆಯೆಂದು ತಿಳಿದ ಮೇಲೆ ಅವುಗಳ ನಡುವೆಯೇ ಹೋಗಿ ಬದುಕಬೇಕೆಂಬುದು ಅವರ ನಿಶ್ಚಯವಾಯಿತು.

ಸಹಪಾಠಿ ಮೇರಿ ಬ್ರೂಸ್ಟರ್ ಅವರ ಜೊತೆಗೂಡಿ ಅದೇ ವರ್ಷ ಆ ಭಾಗದಲ್ಲಿ ವಾಸ ಆರಂಭಿಸಿದರು. ಜೆಫರ್ಸನ್ ಬೀದಿಯ ವಠಾರವೊಂದರ ಮೇಲಂತಸ್ತಿನ ಮನೆಯೇ ಅವರ ಬಿಡಾರವೂ ಕಚೇರಿಯೂ ಆಯಿತು. ಶ್ರೀಮತಿ ಬೆಟ್ಟಿ ಲೋಬ್ ಮತ್ತು ಅವರ ಅಳಿಯ, ಹೆಸರಾಂತ ಬ್ಯಾಂಕರ್ ಜೇಕಬ್ ಶಿಫ್ ಖರ್ಚಿನ ಭಾರ ಹೊತ್ತರು. 1893 ಅಮೆರಿಕದಲ್ಲಿ ಭೀಕರ ಆರ್ಥಿಕ ಕುಸಿತದ ವರ್ಷ. ಕೆಲಸ ಕಳೆದುಕೊಂಡ ತಂದೆ, ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದ ಸಂಸಾರ, ಕ್ಷಯದಿಂದ ಕೆಮ್ಮುವ ಯುವಕ, ವಿಷಮಶೀತ ಜ್ವರದ ಮಗು, ಇವರೆಲ್ಲ ಒಂದೇ ಮೆಟ್ಟಿಲಸಾಲಿನಲ್ಲಿ ಸಿಗುತ್ತಿದ್ದರು. 1895ರಲ್ಲಿ ಶಿಫ್ ಅವರು ಹೆನ್ರಿ ಬೀದಿಯ 265ನೆಯ ಸಂಖ್ಯೆಯ ಮನೆಯನ್ನು ಕೊಡಿಸಿದರು. ಅದೇ ಮುಂದೆ ಹೆನ್ರಿ ಸ್ಟ್ರೀಟ್ ಸೆಟಲ್‌ಮೆಂಟ್ ಎಂದು ಪ್ರಸಿದ್ಧವಾಯಿತು. ಬ್ರೂಸ್ಟರ್ ಅವರು ಅನಾರೋಗ್ಯದಿಂದಾಗಿ ಹೆಚ್ಚು ಕಾಲ ಈ ಕೆಲಸದಲ್ಲಿ ಮುಂದುವರಿಯಲಾಗಲಿಲ್ಲ.

ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವುದು ವಾಲ್ಡ್ ಅವರೇ ಮೊದಲು ಕಂಡುಹಿಡಿದ ಸಂಗತಿಯಲ್ಲ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ವಿಲಿಯಂ ರಾತ್‌ಬೋನ್ ಎಂಬ ವರ್ತಕರು 1859ರಲ್ಲೇ, ತಮ್ಮ ಪತ್ನಿಯ ಕೊನೆಯ ದಿನಗಳಲ್ಲಿ ಆರೈಕೆ ಮಾಡಿದ್ದ ದಾದಿ ಮೇರಿ ರಾಬಿನ್ಸನ್ ಅವರನ್ನು ನಗರದ ಬಡವರ ಮನೆಗಳಿಗೆ ಕಳುಹಿಸುವ ಏರ್ಪಾಡು ಮಾಡಿದ್ದರು. ತರಬೇತಾದ ದಾದಿಯರು ಬೇಕಷ್ಟು ಸಿಗದಿದ್ದಾಗ ನೈಟಿಂಗೇಲ್ ಅವರ ಸಲಹೆಯಂತೆ ಅಲ್ಲಿಯೇ ಒಂದು ತರಬೇತಿ ಶಾಲೆ ಆರಂಭವಾಯಿತು. ನ್ಯೂಯಾರ್ಕಿನಲ್ಲಿಯೂ 1877ರಿಂದ ಧಾರ್ಮಿಕ ಸಂಸ್ಥೆಯೊಂದು ದಾದಿಯರನ್ನು ಮನೆಗಳಿಗೆ ಕಳುಹಿಸುತ್ತಿತ್ತು. ಆದರೆ ಆಗ ದಾದಿಯು ಒಂದೋ ಧರ್ಮಸಂಸ್ಥೆಯ ಇಲ್ಲವೇ ಔಷಧಾಲಯದ ಪ್ರತಿನಿಧಿಯಾಗಿ ಹೋಗುತ್ತಿದ್ದಳು. ವಾಲ್ಡ್ ಅವರು ಇದನ್ನು ಬದಲಿಸಿದರು. ದಾದಿ ಅದೇ ಬೀದಿಯಲ್ಲಿ ವಾಸಿಸುವ ನೆರೆಯವಳಾಗಬೇಕು. ವೈದ್ಯರ ಚೀಟಿ ಇರಲಿ ಇಲ್ಲದಿರಲಿ, ಮನೆಯವರು ಕರೆದರೆ ಹೋಗಬೇಕು. ಜಾತಿ, ಮತ, ದೇಶವನ್ನು ಕೇಳಬಾರದು. ಕೊಡಬಲ್ಲವರಿಂದ ಕೆಲವು ಸೆಂಟುಗಳಷ್ಟು ಅಲ್ಪ ಶುಲ್ಕ ಪಡೆಯಬೇಕು, ಕೊಡಲಾರದವರಿಗೆ ಉಚಿತ. ಆ ಸಣ್ಣ ಶುಲ್ಕದ ಹಿಂದೆ, ಬಡವನು ಭಿಕ್ಷೆ ಪಡೆದೆನೆಂದು ಕುಗ್ಗದಿರಲಿ ಎಂಬ ಕಾಳಜಿಯಿತ್ತು. ನಗರದ ಆರೋಗ್ಯ ಮಂಡಳಿಯಿಂದ ಅವರು ಒಂದು ಬಿಲ್ಲೆಯನ್ನು ಪಡೆದು ಧರಿಸುತ್ತಿದ್ದರು. ಈ ಕೆಲಸ ದಾನಧರ್ಮವಲ್ಲ, ಸಾರ್ವಜನಿಕ ಹೊಣೆ ಎಂಬುದಕ್ಕೆ ಅದು ಗುರುತಾಗಿತ್ತು. ಪಬ್ಲಿಕ್ ಹೆಲ್ತ್ ನರ್ಸ್ ಎಂಬ ಹೆಸರು ಅವರಿಂದಲೇ ಬಳಕೆಗೆ ಬಂತೆಂದು ಶುಶ್ರೂಷಾ ಇತಿಹಾಸದಲ್ಲಿ ದಾಖಲಾಗಿದೆ.

ಕೆಲಸ ಬೆಳೆದಂತೆ ಅವರಿಗೆ ಒಂದು ಕೊರತೆ ಎದ್ದು ಕಂಡಿತು. ಆ ಕಾಲದ ದಾದಿಯರ ಶಾಲೆಗಳು ಆಸ್ಪತ್ರೆಯ ಅಂಗಗಳಾಗಿದ್ದವು. ವಿದ್ಯಾರ್ಥಿನಿ ವಾರ್ಡಿನಲ್ಲಿ ದುಡಿಯುತ್ತಲೇ ಕಲಿಯುತ್ತಿದ್ದಳು. ಅಲ್ಲಿ ವೈದ್ಯರು ಕರೆದರೆ ಬರುತ್ತಾರೆ, ಬಿಸಿನೀರು ಸಿದ್ಧವಿರುತ್ತದೆ, ಒಗೆದ ಬಟ್ಟೆ ಕಪಾಟಿನಲ್ಲಿರುತ್ತದೆ, ರೋಗಿ ಹೇಳಿದಂತೆ ಕೇಳುತ್ತಾನೆ. ವಠಾರದ ಮನೆಯಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ದಾದಿ ಒಬ್ಬಳೇ. ಕೈಯಲ್ಲೊಂದು ಚೀಲ. ಬಾಗಿಲಲ್ಲಿ ನೆರೆಹೊರೆಯವರ ಗುಂಪು, ಮಾತು ಅರ್ಥವಾಗದ ಭಾಷೆ. ವೈದ್ಯರನ್ನು ಯಾವಾಗ ಕರೆಸಬೇಕು, ಯಾವಾಗ ಕಾಯಬಹುದು ಎಂಬುದನ್ನು ಅವಳೇ ತೀರ್ಮಾನಿಸಬೇಕು. ತಾನು ಹೊರಟ ಮೇಲೆ ಇಪ್ಪತ್ಮೂರು ಗಂಟೆ ರೋಗಿಯನ್ನು ನೋಡಿಕೊಳ್ಳುವವಳು ತಾಯಿಯೋ, ಹಿರಿಯ ಮಗಳೋ. ಅವರಿಗೆ ಕಲಿಸದೆ ಬಂದರೆ ಮಾಡಿದ ಕೆಲಸವೆಲ್ಲ ಮರುದಿನಕ್ಕೆ ಉಳಿಯದು. ಕ್ಷಯರೋಗಿಗೆ ಹಾಲು ಮೊಟ್ಟೆ ಕೊಡಿ ಎನ್ನುವ ಮೊದಲು ಆ ಮನೆಗೆ ವಾರಕ್ಕೆಷ್ಟು ಕೂಲಿ ಬರುತ್ತದೆಂಬುದು ತಿಳಿದಿರಬೇಕು. ಕಿಟಕಿ ತೆರೆಯಿರಿ ಎನ್ನುವ ಮೊದಲು ಆ ಕೋಣೆಗೆ ಕಿಟಕಿ ಇದೆಯೇ ಎಂದು ನೋಡಿರಬೇಕು.

1903ರಲ್ಲಿ ನ್ಯೂಯಾರ್ಕ್ ಸೇರಿದಂತೆ ಕೆಲವು ರಾಜ್ಯಗಳು ದಾದಿಯರ ನೋಂದಣಿಗೆ ಕಾನೂನು ಮಾಡಿದವು. ನೋಂದಾಯಿತ ದಾದಿ ಎಂಬ ಬಿರುದಿಗೆ ಕಾನೂನಿನ ರಕ್ಷಣೆ ದೊರೆಯಿತು. ಇದು ವೃತ್ತಿಯ ದೊಡ್ಡ ಗೆಲುವು. ಆದರೆ ಆ ನೋಂದಣಿಯ ಹಿಂದಿನ ಕಲಿಕೆ ಆಸ್ಪತ್ರೆಯ ಗೋಡೆಗಳೊಳಗಿನದು. ಹಾಗಾಗಿ ಪದವಿ ಪಡೆದು ನೋಂದಣಿಯಾದ ದಾದಿಗೂ ಸಮುದಾಯದಲ್ಲಿ ಕೆಲಸ ಮಾಡಲು ಮತ್ತೊಂದು ಶಿಕ್ಷಣ ಬೇಕೆಂದು ವಾಲ್ಡ್ ಅವರು ಪಟ್ಟುಹಿಡಿದರು. ಕರುಣೆಯೊಂದಿದ್ದರೆ ಸಾಕು, ಬಡವರ ಮನೆಗೆ ಯಾರಾದರೂ ಹೋಗಬಹುದು ಎಂದು ಭಾವಿಸಿದವರು ಆಗ ಬಹಳ ಮಂದಿ ಇದ್ದರು. ಅವರ ನಿಲುವು ಇದಕ್ಕೆ ನೇರ ವಿರುದ್ಧ. ಮೇಲೆ ನೋಡಿಕೊಳ್ಳುವವರಿಲ್ಲದ ಕಡೆಗೆ ಹೋಗುವವಳೇ ಎಲ್ಲರಿಗಿಂತ ಚೆನ್ನಾಗಿ ಕಲಿತಿರಬೇಕು ಎಂಬುದು ಅವರ ದೃಢ ನಂಬಿಕೆ.

ಹೆನ್ರಿ ಬೀದಿಯ ಮನೆಯೇ ಮೊದಲ ಪಾಠಶಾಲೆಯಾಯಿತು. ಹೊಸದಾಗಿ ಬಂದ ದಾದಿ ಅನುಭವಿ ದಾದಿಯ ಜೊತೆ ಮನೆಗಳಿಗೆ ಹೋಗುತ್ತಿದ್ದಳು. ಒಂದು ಕಟ್ಟಡದ ಮೆಟ್ಟಿಲಿಳಿದು ಇನ್ನೊಂದನ್ನು ಹತ್ತುವ ಶ್ರಮ ಉಳಿಸಲು ತಾರಸಿಯಿಂದ ತಾರಸಿಗೆ ದಾಟಿ ಹೋಗುವುದೂ ರೂಢಿಯಲ್ಲಿತ್ತು. ಪ್ರತಿ ಭೇಟಿಯ ದಾಖಲೆಯನ್ನು ಬರೆದಿಡುವುದು ಕಡ್ಡಾಯ. ಒಟ್ಟಿಗೆ ಕುಳಿತು ಉಣ್ಣುವ ಮೇಜಿನಲ್ಲಿ ಅಂದಿನ ಕಷ್ಟದ ಪ್ರಕರಣಗಳ ಚರ್ಚೆ. ಕಾರ್ಮಿಕರ ಹಕ್ಕಿಗಾಗಿ ಹೋರಾಡಿದ ಫ್ಲಾರೆನ್ಸ್ ಕೆಲ್ಲಿ ಅವರು 1899ರಿಂದ ಅದೇ ಮನೆಯಲ್ಲಿ ನೆಲೆಸಿದ್ದರಿಂದ, ಕಾರ್ಖಾನೆಯ ದುಡಿಮೆಗೂ ಮಗುವಿನ ಕಾಯಿಲೆಗೂ ಇರುವ ನಂಟು ದಾದಿಯರಿಗೆ ಅಲ್ಲೇ ತಿಳಿಯುತ್ತಿತ್ತು.

ಆದರೆ ಒಂದು ಮನೆಯ ಅನುಭವ ನಾಡಿನ ಶಿಕ್ಷಣವಾಗಬೇಕಾದರೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಬೇಕಿತ್ತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಆಗ ಮೇರಿ ಅಡಿಲೇಡ್ ನಟಿಂಗ್ ಅವರು ಪ್ರಾಧ್ಯಾಪಕರಾಗಿದ್ದರು. 1907ರಲ್ಲಿ ಆ ಸ್ಥಾನಕ್ಕೆ ಬಂದ ಅವರು ಜಗತ್ತಿನಲ್ಲಿಯೇ ಪ್ರಾಧ್ಯಾಪಕ ಹುದ್ದೆಗೇರಿದ ಮೊದಲ ದಾದಿ. ವಾಲ್ಡ್ ಅವರು ಉದಾರಿ ಮಹಿಳೆ ಹೆಲೆನ್ ಹಾರ್ಟ್ಲಿ ಜೆಂಕಿನ್ಸ್ ಅವರ ಮನವೊಲಿಸಿದರು. ಅವರ ದತ್ತಿಯಿಂದ 1910ರಲ್ಲಿ ಶುಶ್ರೂಷೆ ಮತ್ತು ಆರೋಗ್ಯ ವಿಭಾಗ ನೆಲೆಗೊಂಡಿತು. ಈಗಾಗಲೇ ಪದವಿ ಪಡೆದ ದಾದಿಯರು ಅಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿ, ಹೆನ್ರಿ ಸ್ಟ್ರೀಟ್‌ನ ಮನೆಭೇಟಿಗಳಲ್ಲಿ ಅದನ್ನು ಒರೆಗೆ ಹಚ್ಚುತ್ತಿದ್ದರು. ತರಗತಿ ಒಂದು ಕಡೆ, ಓಣಿ ಇನ್ನೊಂದು ಕಡೆ, ಎರಡನ್ನೂ ಬೆಸೆದ ಈ ವ್ಯವಸ್ಥೆ ಮುಂದೆ ಹಲವು ಸಂಸ್ಥೆಗಳಿಗೆ ಮಾದರಿಯಾಯಿತು. 1917ರಲ್ಲಿ ಹೆನ್ರಿ ಸ್ಟ್ರೀಟ್‌ನ ದಾದಿಯರ ನಿರ್ದೇಶಕಿಯಾದ ಆ್ಯನಿ ಗುಡ್ರಿಚ್ ಅವರು 1923ರಲ್ಲಿ ಯೇಲ್ ವಿಶ್ವವಿದ್ಯಾಲಯದ ಶುಶ್ರೂಷಾ ಶಾಲೆಯ ಮೊದಲ ಡೀನ್ ಆದರು.

ಶಾಲಾ ಮಕ್ಕಳ ಪ್ರಸಂಗ ಇಲ್ಲಿ ಉಲ್ಲೇಖನೀಯ. ಆ ಕಾಲದಲ್ಲಿ ನ್ಯೂಯಾರ್ಕಿನ ಶಾಲೆಗಳಿಗೆ ವೈದ್ಯರು ಬಂದು, ಕಣ್ಣಿನ ಟ್ರಕೋಮ, ಹೇನು, ಚರ್ಮರೋಗ ಇರುವ ಮಕ್ಕಳನ್ನು ಮನೆಗೆ ಕಳುಹಿಸಿಬಿಡುತ್ತಿದ್ದರು. ಮನೆಯಲ್ಲಿ ಚಿಕಿತ್ಸೆ ಮಾಡುವವರಿಲ್ಲ. ಮಗು ಬೀದಿಯಲ್ಲಿ ಅದೇ ಗೆಳೆಯರೊಡನೆ ಆಡುತ್ತಿತ್ತು, ಓದು ಮಾತ್ರ ನಿಲ್ಲುತ್ತಿತ್ತು. ವಾಲ್ಡ್ ಅವರು 1902ರ ಅಕ್ಟೋಬರ್‌ನಲ್ಲಿ ತಮ್ಮ ದಾದಿ ಲೀನಾ ರೋಜರ್ಸ್ ಅವರನ್ನು ಒಂದು ತಿಂಗಳ ಪ್ರಯೋಗಕ್ಕಾಗಿ ನಾಲ್ಕು ಶಾಲೆಗಳಿಗೆ ಕಳುಹಿಸಿಕೊಟ್ಟರು. ರೋಜರ್ಸ್ ಸಣ್ಣಪುಟ್ಟ ತೊಂದರೆಗಳಿಗೆ ಶಾಲೆಯಲ್ಲಿಯೇ ಉಪಚಾರ ಮಾಡಿದರು, ಸಂಜೆ ಮನೆಗಳಿಗೆ ಹೋಗಿ ತಾಯಂದಿರಿಗೆ ಕಲಿಸಿಕೊಟ್ಟರು. ಫಲಿತಾಂಶ ಕಂಡ ನಗರಾಡಳಿತ ಹೆಚ್ಚಿನ ದಾದಿಯರನ್ನು ನೇಮಿಸಿತು. 1902ರ ಸೆಪ್ಟೆಂಬರ್‌ನಲ್ಲಿ ಶಾಲೆಯಿಂದ ಹೊರಗುಳಿಸಲಾದ ಮಕ್ಕಳ ಸಂಖ್ಯೆ 10 ಸಾವಿರವನ್ನು ಮೀರಿತ್ತು. ಮರುವರ್ಷದ ಅದೇ ತಿಂಗಳಲ್ಲಿ ಅದು ಸುಮಾರು 1,100ಕ್ಕೆ ಇಳಿಯಿತು.

1909ರಲ್ಲಿ ಮೆಟ್ರೊಪಾಲಿಟನ್ ಲೈಫ್ ವಿಮಾ ಕಂಪೆನಿಯನ್ನು ಅವರು ಇನ್ನೊಂದು ಪ್ರಯೋಗಕ್ಕೆ ಒಪ್ಪಿಸಿದರು. ವಾರಕ್ಕೆ ಕೆಲವು ಸೆಂಟುಗಳ ಕಂತು ಕಟ್ಟುವ ಕಾರ್ಮಿಕ ಕಾಯಿಲೆ ಬಿದ್ದರೆ ಕಂಪೆನಿಯ ಖರ್ಚಿನಲ್ಲಿ ದಾದಿ ಮನೆಗೆ ಹೋಗುವುದು. ಪಾಲಿಸಿದಾರ ಬದುಕಿದರೆ ಕಂಪೆನಿಗೂ ಲಾಭವೇ. ಯೋಜನೆ ಬೇಗನೆ ದೇಶದ ಬೇರೆ ನಗರಗಳಿಗೂ ಹಬ್ಬಿತು, ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. ಹಳ್ಳಿಗಳಿಗೂ ಇಂಥ ದಾದಿಯರು ಬೇಕೆಂಬ ಅವರ ಒತ್ತಾಯದ ಫಲವಾಗಿ ಅಮೆರಿಕದ ರೆಡ್‌ಕ್ರಾಸ್ 1912ರಲ್ಲಿ ಗ್ರಾಮೀಣ ಶುಶ್ರೂಷಾ ಸೇವೆ ಆರಂಭಿಸಿತು. ಅದೇ ವರ್ಷ ಸಾರ್ವಜನಿಕ ಆರೋಗ್ಯ ದಾದಿಯರ ರಾಷ್ಟ್ರೀಯ ಸಂಘಟನೆ ಸ್ಥಾಪನೆಯಾಗಿ ವಾಲ್ಡ್ ಅವರು ಅದರ ಪ್ರಥಮ ಅಧ್ಯಕ್ಷರಾದರು. ಕೆಲ್ಲಿ ಅವರೊಂದಿಗೆ ಸೇರಿ ಅವರು ಬಹುಕಾಲ ಒತ್ತಾಯಿಸಿದ್ದ ಮಕ್ಕಳ ಕಲ್ಯಾಣದ ಸರಕಾರಿ ಇಲಾಖೆಯೂ 1912ರಲ್ಲಿಯೇ ಅಸ್ತಿತ್ವಕ್ಕೆ ಬಂತು.

ಇಬ್ಬರಿಂದ ಆರಂಭವಾದ ಹೆನ್ರಿ ಸ್ಟ್ರೀಟ್ ದಾದಿಯರ ಬಳಗದಲ್ಲಿ 1906ರಲ್ಲಿ 27, 1913ರಲ್ಲಿ 92 ಮಂದಿ ಇದ್ದರು. ಆ ಹೊತ್ತಿಗೆ ವರ್ಷಕ್ಕೆ ಸುಮಾರು 2 ಲಕ್ಷ ಮನೆಭೇಟಿಗಳು ನಡೆಯುತ್ತಿದ್ದವು. ಮನೆಯಲ್ಲಿ ಆರೈಕೆ ಪಡೆದ ನ್ಯುಮೋನಿಯಾ ರೋಗಿಗಳಲ್ಲಿ ಸಾವಿನ ಪ್ರಮಾಣ ಶೇ. 8ರಷ್ಟಿದ್ದರೆ, ನಗರದ ನಾಲ್ಕು ದೊಡ್ಡ ಆಸ್ಪತ್ರೆಗಳಲ್ಲಿ ಅದು ಶೇ. 31ರಷ್ಟಿತ್ತೆಂದು ಅವರು ತಮ್ಮ ದಾಖಲೆಗಳಿಂದ ತೋರಿಸಿದರು. ಆಸ್ಪತ್ರೆಗೆ ಬರುವವರಲ್ಲಿ ಕಾಯಿಲೆ ಉಲ್ಬಣಿಸಿದವರೇ ಹೆಚ್ಚಿರುವುದರಿಂದ ಎರಡು ಅಂಕಿಗಳನ್ನು ನೇರವಾಗಿ ತೂಗಲಾಗದು. ಆದರೂ ಔಷಧವೇ ಇಲ್ಲದ ಆ ಕಾಲದಲ್ಲಿ ಒಳ್ಳೆಯ ಶುಶ್ರೂಷೆಯೇ ದೊಡ್ಡ ಚಿಕಿತ್ಸೆಯಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮನುಷ್ಯರಲ್ಲಿ ಭೇದವೆಣಿಸದ ಅವರ ಗುಣ ಮಾತಿಗಷ್ಟೇ ಸೀಮಿತವಾಗಿರಲಿಲ್ಲ. ಕಪ್ಪು ಜನರನ್ನು ಹಲವು ಸಂಸ್ಥೆಗಳು ದೂರವಿಟ್ಟಿದ್ದಾಗ, 1906ರಲ್ಲಿ ಕಪ್ಪು ದಾದಿ ಎಲಿಜಬೆತ್ ಟೈಲರ್ ಅವರನ್ನು ಬಳಗಕ್ಕೆ ಸೇರಿಸಿಕೊಂಡರು. 1909ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ನಡೆದ ರಾಷ್ಟ್ರೀಯ ಸಮ್ಮೇಳನದ ಅತಿಥಿಗಳಿಗೆ ಹೆನ್ರಿ ಬೀದಿಯ ಮನೆಯಲ್ಲಿ ಸತ್ಕಾರ ಏರ್ಪಡಿಸಿದರು. ಕಪ್ಪು ಬಿಳಿ ಜನರು ಒಟ್ಟಿಗೆ ಉಣ್ಣುವುದನ್ನು ಸಹಿಸದ ಕಾಲವದು.

ಅವರ ಹಾದಿ ಸುಗಮವಾಗಿತ್ತೆಂದಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಶಾಂತಿಯ ಪರ ನಿಂತು, ಸೈನಿಕೀಕರಣವನ್ನು ವಿರೋಧಿಸುವ ಸಂಘಟನೆಯ ನೇತೃತ್ವ ವಹಿಸಿದಾಗ ಕೆಲವು ದಾನಿಗಳು ಕೈಬಿಟ್ಟರು. ದಾದಿಯರ ಸಂಬಳ ಆ ದಾನಗಳಿಂದಲೇ ಬರಬೇಕಿತ್ತು. ಹಾಗಿದ್ದರೂ ಅವರು ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. 1918ರಲ್ಲಿ ಇನ್ಫ್ಲುಯೆಂಜ ಮಹಾಮಾರಿ ನ್ಯೂಯಾರ್ಕನ್ನು ಆವರಿಸಿದಾಗ, ಅನೇಕ ದಾದಿಯರು ಯುದ್ಧಸೇವೆಗೆ ಹೋಗಿದ್ದರು. ಆಗ ದಾದಿಯರ ತುರ್ತು ಮಂಡಳಿಯ ಮುಂದಾಳುತನ ವಹಿಸಿ, ನಗರದ ವಿವಿಧ ಸಂಸ್ಥೆಗಳ ದಾದಿಯರನ್ನೂ ಸ್ವಯಂಸೇವಕರನ್ನೂ ಒಂದೆಡೆ ತಂದವರು ವಾಲ್ಡ್ ಅವರೇ. ಕಾಲು ಶತಮಾನದಲ್ಲಿ ಕಟ್ಟಿದ ಮನೆಭೇಟಿಯ ವ್ಯವಸ್ಥೆ ಆ ವಿಪತ್ತಿನಲ್ಲಿ ನಗರಕ್ಕೆ ಆಸರೆಯಾಯಿತು.

ತಮ್ಮ ಅನುಭವಗಳನ್ನು ಅವರು 1915 ಮತ್ತು 1934ರಲ್ಲಿ ಪ್ರಕಟವಾದ ಎರಡು ಪುಸ್ತಕಗಳಲ್ಲಿ ದಾಖಲಿಸಿದ್ದಾರೆ. ಆರೋಗ್ಯ ಕೆಟ್ಟ ಕಾರಣ 1933ರಲ್ಲಿ ಮುಖ್ಯಸ್ಥೆಯ ಸ್ಥಾನದಿಂದ ನಿವೃತ್ತರಾಗಿ ಕನೆಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿ ನೆಲೆಸಿದರು. 1940ರ ಸೆಪ್ಟೆಂಬರ್ 1ರಂದು, 73ನೆಯ ವಯಸ್ಸಿನಲ್ಲಿ ಅಲ್ಲಿಯೇ ಕೊನೆಯುಸಿರೆಳೆದರು. ಅವರು ವಿವಾಹವಾಗಿರಲಿಲ್ಲ. 1944ರಲ್ಲಿ ದಾದಿಯರ ವಿಭಾಗ ಪ್ರತ್ಯೇಕ ಸಂಸ್ಥೆಯಾಯಿತು. ಅದೂ, ಹೆನ್ರಿ ಬೀದಿಯ ಮೂಲಸಂಸ್ಥೆಯೂ ಇಂದಿಗೂ ಕಾರ್ಯನಿರತವಾಗಿವೆ.

ಹೆನ್ರಿ ಸ್ಟ್ರೀಟ್‌ನಲ್ಲಿ ಶುಶ್ರೂಷೆಯ ಜೊತೆಗೆ ತರಗತಿಗಳು, ಮಕ್ಕಳ ಆಟದ ಅಂಗಳ, ನಾಟಕ, ಸಂಗೀತ ಎಲ್ಲವೂ ಬೆಳೆದವು. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಮುಂಬಯಿ ಕನ್ನಡಿಗರ ಹಿಂದಿನ ತಲೆಮಾರಿಗೆ ಇದರ ಬೆಲೆ ವಿವರಿಸಿ ಹೇಳಬೇಕಾಗಿಲ್ಲ. ಊರು ಬಿಟ್ಟು ಬಂದವನಿಗೆ ಕಾಯಿಲೆ ಬಂದಾಗಲೇ ಪರಊರು ನಿಜವಾಗಿ ಪರಊರೆನಿಸುವುದು.

ನಮ್ಮ ದೇಶದಲ್ಲಿಯೂ ಇಂದು ನರ್ಸಿಂಗ್ ಡಿಪ್ಲೊಮಾ ಮತ್ತು ಪದವಿ ತರಗತಿಗಳಲ್ಲಿ ಸಮುದಾಯ ಆರೋಗ್ಯ ಶುಶ್ರೂಷೆ ಕಡ್ಡಾಯ ವಿಷಯ. ಹಳ್ಳಿ, ಕೊಳೆಗೇರಿಗಳ ಮನೆಗಳಿಗೆ ಹೋಗಿ ಕಲಿಯುವುದು ಅದರ ಭಾಗ. ಕೇರಳದಲ್ಲಿ ತರಬೇತಾದ ದಾದಿಯರು ಮನೆಗಳಿಗೇ ಹೋಗಿ ಹಾಸಿಗೆ ಹಿಡಿದವರಿಗೆ ನೋವುಶಾಮಕ ಆರೈಕೆ ನೀಡುವ ವ್ಯವಸ್ಥೆ ಬೇರೂರಿದೆ. ಮಹಾನಗರಗಳ ಫ್ಲಾಟುಗಳಲ್ಲಿ ಈಗ ಮಕ್ಕಳು ದೂರದೇಶಗಳಲ್ಲಿರುವ ವೃದ್ಧ ದಂಪತಿಗಳು ಹೆಚ್ಚುತ್ತಿದ್ದಾರೆ. ಪಾರ್ಶ್ವವಾಯು, ಮರೆವಿನ ಕಾಯಿಲೆ, ಮೂಳೆಮುರಿತದ ನಂತರದ ತಿಂಗಳುಗಳನ್ನು ಅವರು ಕಳೆಯಬೇಕಾದುದು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿ. ದಿನಗೂಲಿಗೆ ಬರುವ ಆರೈಕೆದಾರರಲ್ಲಿ ಎಷ್ಟೋ ಮಂದಿ ಪ್ರೀತಿಯಿಂದ ದುಡಿಯುತ್ತಾರೆ, ಆದರೆ ಬೆನ್ನುಹುಣ್ಣನ್ನು ತಡೆಯುವುದು ಹೇಗೆಂದು ಅವರಿಗೆ ಯಾರೂ ಕಲಿಸಿರುವುದಿಲ್ಲ. ನಮ್ಮ ಸಂಘಸಂಸ್ಥೆಗಳು ವರ್ಷಕ್ಕೊಮ್ಮೆ ನಡೆಸುವ ಆರೋಗ್ಯ ತಪಾಸಣಾ ಶಿಬಿರಗಳ ಜೊತೆಗೆ, ನಿವೃತ್ತ ದಾದಿಯರ ನೆರವಿನಿಂದ ಮನೆಯಲ್ಲಿ ರೋಗಿಯ ಆರೈಕೆ ಕಲಿಸುವ ತರಗತಿಗಳನ್ನೂ ಏರ್ಪಡಿಸಬಹುದು. ಲಿಲಿಯನ್ ವಾಲ್ಡ್ ಅವರ ಕೆಲಸವೂ ಅಂಥದೇ ಒಂದು ತರಗತಿಯಿಂದ ಆರಂಭವಾಗಿತ್ತು.